ಮರೆತುಹೋದ ಗುರುತು: ಫೋನ್ ಹೊಸದಾದಾಗ ಕಿವಿಯ ಯಂತ್ರ ಮೂಕವಾಗುವುದೇಕೆ?

ಫೋನಿನ ತಂತ್ರಾಂಶ ರಾತ್ರೋರಾತ್ರಿ ಹೊಸದಾಗುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಪರದೆಯ ಚಿತ್ರಗಳು ಕೊಂಚ ಬದಲಾಗಿರುತ್ತವೆ, ಗಡಿಯಾರದ ಅಂಕಿ ದಪ್ಪಗಾಗಿರುತ್ತದೆ. ಅದರಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆ ಗೊತ್ತಾಗುವುದು ಹೊಸಕೋಟೆಯ ಬಸ್ಸಿನಲ್ಲಿ ಸೀಟು ಹಿಡಿದು, ವೈರಿಲ್ಲದ ಇಯರ್‌ಬಡ್‌ಗಳನ್ನು ಕಿವಿಗೆ ಸಿಕ್ಕಿಸಿಕೊಂಡಾಗ. ನಿನ್ನೆಯವರೆಗೆ ಡಬ್ಬಿ ತೆರೆದ ಕೂಡಲೇ ಫೋನಿಗೆ ಅಂಟಿಕೊಳ್ಳುತ್ತಿದ್ದ ಅವು ಇಂದು ಜಪ್ಪಯ್ಯ ಎಂದರೂ ಜೋಡಣೆಯಾಗುವುದಿಲ್ಲ. ಕೆಲವೊಮ್ಮೆ ಜೋಡಣೆಯಾಗಿದೆ ಎಂದು ಪರದೆ ಹೇಳುತ್ತದೆ. ಹಾಡು ಮಾತ್ರ ಇಡೀ ಬಸ್ಸಿಗೆ ಕೇಳುವಂತೆ ಫೋನಿನಿಂದಲೇ ಹೊರಡುತ್ತದೆ.

ಇಂಥ ಸಂದರ್ಭದಲ್ಲಿ ಹಲವರು ‘ಸೆಟ್ ಹೋಯಿತು’ ಎಂದುಕೊಂಡು ಹೊಸದನ್ನು ಕೊಳ್ಳಲು ಹೊರಡುತ್ತಾರೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ಸೆಟ್ಟಿಗೆ ಏನೂ ಆಗಿರುವುದಿಲ್ಲ. ಅದರ ಬ್ಯಾಟರಿ ಸರಿಯಾಗಿದೆ, ಸ್ಪೀಕರ್ ಸರಿಯಾಗಿದೆ. ಕೆಟ್ಟಿರುವುದು ಎರಡು ಯಂತ್ರಗಳ ನಡುವಿನ ಒಂದು ಒಪ್ಪಂದ. ಆ ಒಪ್ಪಂದ ಯಾವುದು, ಅದು ಏಕೆ ಬೇಕಾಯಿತು, ಅಪ್‌ಡೇಟ್ ಬಂದಾಗ ಅದು ಮುರಿಯುವುದೇಕೆ ಎಂಬುದನ್ನು ತಿಳಿದರೆ ರಿಪೇರಿಯ ಅರ್ಧ ಕೆಲಸ ಮುಗಿದಂತೆ.

ಊರಿಗೆಲ್ಲ ಕೂಗುವುದು, ಒಬ್ಬರ ಕಿವಿಯಲ್ಲಿ ಹೇಳುವುದು

ಗಾಳಿಯಲ್ಲಿ ಧ್ವನಿ ಕಳಿಸುವ ಕೆಲಸ ಕನ್ನಡಿಗರಿಗೆ ಹೊಸದಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಆ ಕೇಂದ್ರಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. 1990ರ ದಶಕದಲ್ಲಿ ಯಲಹಂಕದಿಂದಾಚೆ ದೊಡ್ಡಬಳ್ಳಾಪುರದ ಕಡೆ ಆಕಾಶವಾಣಿ 500 ಕಿಲೋವ್ಯಾಟ್ ಸಾಮರ್ಥ್ಯದ ಕಿರುತರಂಗ ಪ್ರಸಾರಕಗಳನ್ನು ಸ್ಥಾಪಿಸಿತು. ಸಮುದ್ರದಾಚೆಯ ದೇಶಗಳಿಗೆ ಭಾರತದ ಧ್ವನಿ ಮುಟ್ಟಿಸುವುದು ಅವುಗಳ ಕೆಲಸವಾಗಿತ್ತು.

ಈಗ ಕಿವಿಯಲ್ಲಿರುವ ಪುಟ್ಟ ಯಂತ್ರಕ್ಕೆ ಬನ್ನಿ. ಅದೂ ರೇಡಿಯೊವೇ. ಬ್ಲೂಟೂತ್‌ನಲ್ಲಿ ಬಹಳ ಬಳಕೆಯಲ್ಲಿರುವ ಎರಡನೇ ದರ್ಜೆಯ ಸಾಧನಗಳ ಗರಿಷ್ಠ ಶಕ್ತಿ ಎರಡೂವರೆ ಮಿಲಿವ್ಯಾಟ್, ಅಂದರೆ ಒಂದು ವ್ಯಾಟಿನ 400ನೇ ಒಂದು ಭಾಗ. ದೊಡ್ಡಬಳ್ಳಾಪುರದ ಪ್ರಸಾರಕದ ಶಕ್ತಿ ಇದರ 20 ಕೋಟಿ ಪಟ್ಟು. ಒಂದರ ಮಾತು ಖಂಡಗಳನ್ನು ದಾಟಿದರೆ ಇನ್ನೊಂದರ ಮಾತು ಸುಮಾರು ಹತ್ತು ಮೀಟರ್ ದಾಟುವಷ್ಟರಲ್ಲಿ ಸೊರಗುತ್ತದೆ.

ಆದರೆ ನಿಜವಾದ ವ್ಯತ್ಯಾಸ ಶಕ್ತಿಯಲ್ಲಿಲ್ಲ. ಆಕಾಶವಾಣಿ ಕೇಳುಗನ ಗುರುತು ಕೇಳುವುದಿಲ್ಲ. ಡಂಗುರ ಸಾರಿದಂತೆ ಅದು ಸಾರುತ್ತದೆ; ಯಾರ ಮನೆಯ ಪೆಟ್ಟಿಗೆ ಆ ಅಲೆಗೆ ತಿರುಗಿದೆಯೋ ಅವರಿಗೆ ಕೇಳುತ್ತದೆ. ಅಂಚೆ ಕಚೇರಿಯಲ್ಲಿ ರೇಡಿಯೊ ಲೈಸೆನ್ಸಿಗೆ ಹಣ ಕಟ್ಟಿ ಪುಸ್ತಕದಲ್ಲಿ ಮುದ್ರೆ ಒತ್ತಿಸಿಕೊಳ್ಳುತ್ತಿದ್ದ ಕಾಲವನ್ನು ಹಿರಿಯರು ನೆನಪಿಟ್ಟಿದ್ದಾರೆ. ಅದು ಸರ್ಕಾರಕ್ಕೂ ಮನೆಯೊಡೆಯನಿಗೂ ಸಂಬಂಧಿಸಿದ ವ್ಯವಹಾರ. ರೇಡಿಯೊ ಪೆಟ್ಟಿಗೆಗೆ ಅದರ ಗೊಡವೆಯೇ ಇರಲಿಲ್ಲ. 1960ರ ದಶಕದ ಒಂದು ಟ್ರಾನ್ಸಿಸ್ಟರ್ ಕೆಡದೆ ಉಳಿದಿದ್ದರೆ ಇಂದಿಗೂ ಮಧ್ಯಮ ತರಂಗದ ಕೇಂದ್ರವನ್ನು ಹಿಡಿಯುತ್ತದೆ. ಕೇಂದ್ರದವರು ತಮ್ಮ ಯಂತ್ರ ಬದಲಿಸಿದರೂ ಅದಕ್ಕೆ ಏನೂ ಆಗದು.

ಇಯರ್‌ಬಡ್ ಹಾಗಲ್ಲ. ಅದು ನಿಮ್ಮ ಫೋನಿನೊಂದಿಗೆ ಮಾತ್ರ ಮಾತನಾಡಬೇಕು, ಪಕ್ಕದ ಸೀಟಿನವರ ಫೋನಿನೊಂದಿಗೆ ಅಲ್ಲ. ನಿಮ್ಮ ಕರೆ ಬೇರೆಯವರ ಕಿವಿಗೆ ಬೀಳಬಾರದು. ಆದ್ದರಿಂದ ಇಲ್ಲಿ ಇಬ್ಬರೂ ಪರಸ್ಪರ ಗುರುತು ಹಿಡಿಯಬೇಕು. ಗುರುತು ಹಿಡಿಯಬೇಕೆಂದರೆ ನೆನಪಿರಬೇಕು. ನೆನಪು ಇದ್ದಲ್ಲಿ ಮರೆವೂ ಇದ್ದೀತು.

ರಾಜನ ಹೆಸರು, ನಟಿಯ ಉಪಾಯ

ಬ್ಲೂಟೂತ್ ತಂತ್ರಜ್ಞಾನದ ಕೆಲಸ ಶುರುವಾದದ್ದು 1994ರಲ್ಲಿ, ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ. ಡಚ್ ಎಂಜಿನಿಯರ್ ಯಾಪ್ ಹಾರ್ಟ್‌ಸನ್ ಅದರ ಮುಖ್ಯ ಶಿಲ್ಪಿಗಳಲ್ಲೊಬ್ಬರು. 1998ರಲ್ಲಿ ಎರಿಕ್ಸನ್, ನೋಕಿಯಾ, ಐಬಿಎಂ, ಇಂಟೆಲ್, ತೋಷಿಬಾ ಕಂಪನಿಗಳು ಸೇರಿ ಇದಕ್ಕೊಂದು ಕೂಟ ಕಟ್ಟಿಕೊಂಡವು. ಹತ್ತನೇ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನಿಗೆ ‘ನೀಲಿಹಲ್ಲಿನವ’ ಎಂಬ ಅಡ್ಡಹೆಸರಿತ್ತು. ಬೇರೆಬೇರೆಯಾಗಿದ್ದ ಪಂಗಡಗಳನ್ನು ಒಂದುಗೂಡಿಸಿದವನೆಂದು ಅವನಿಗೆ ಖ್ಯಾತಿ. ಬೇರೆಬೇರೆ ಕಂಪನಿಗಳ ಯಂತ್ರಗಳನ್ನು ಒಂದುಗೂಡಿಸುವ ವಿದ್ಯೆಗೆ ಇಂಟೆಲ್‌ನ ಜಿಮ್ ಕಾರ್ಡಾಕ್ ಸೂಚಿಸಿದ್ದು ಆ ಹೆಸರನ್ನೇ. ಫೋನಿನ ಪರದೆಯಲ್ಲಿ ಕಾಣುವ ಚಿಹ್ನೆ ಆ ದೊರೆಯ ಹೆಸರಿನ ಎರಡು ಪ್ರಾಚೀನ ಲಿಪಿಯ ಅಕ್ಷರಗಳನ್ನು ಬೆಸೆದದ್ದು.

ಬ್ಲೂಟೂತ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ಆವರ್ತನದ ಪಟ್ಟಿಯಲ್ಲಿ. ಕಡಿಮೆ ಶಕ್ತಿಯ ಸಾಧನಗಳು ಲೈಸೆನ್ಸ್ ಇಲ್ಲದೆ ಈ ಪಟ್ಟಿಯನ್ನು ಬಳಸಲು ಭಾರತ ಸರ್ಕಾರ 2005ರಲ್ಲಿ ನಿಯಮ ಮಾಡಿತು. ಲೈಸೆನ್ಸ್ ಬೇಡದ ಜಾಗವೆಂದರೆ ಸಂತೆ ಬೀದಿಯಂತೆ. ವೈಫೈ ಕೂಡ ಅಲ್ಲೇ, ಮೈಕ್ರೋವೇವ್ ಒಲೆಯ ಸೋರಿಕೆಯೂ ಅಲ್ಲೇ. ಈ ಗದ್ದಲದಲ್ಲಿ ಮಾತು ಕೆಡದಂತೆ ಬ್ಲೂಟೂತ್ ಜಾಗ ಬದಲಿಸುತ್ತಲೇ ಇರುತ್ತದೆ. ಹಾಡು ಕೇಳಲು ಬಳಸುವ ಸಾಮಾನ್ಯ ಬ್ಲೂಟೂತ್ 79 ಕಿರುದಾರಿಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯಬಲ್ಲದು. ಕೋಲಾಟದಲ್ಲಿ ಜೋಡಿಗಳು ತಾಳಕ್ಕೆ ಸರಿಯಾಗಿ ಸ್ಥಾನ ಬದಲಿಸಿ ಮತ್ತೆ ಕೋಲಿಗೆ ಕೋಲು ತಾಗಿಸುವಂತೆ, ಫೋನೂ ಇಯರ್‌ಬಡ್ಡೂ ಒಂದೇ ಲೆಕ್ಕಕ್ಕೆ ಜಿಗಿಯಬೇಕು.

ಇಂಥ ಜಿಗಿತದ ಉಪಾಯಕ್ಕೆ 1942ರಲ್ಲೇ ಅಮೆರಿಕದಲ್ಲಿ ಒಂದು ಪೇಟೆಂಟ್ ಸಿಕ್ಕಿತ್ತು. ಪಡೆದವರು ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೀಲ್. ಯುದ್ಧದಲ್ಲಿ ಟಾರ್ಪೆಡೊಗಳಿಗೆ ಕಳಿಸುವ ರೇಡಿಯೊ ಸಂದೇಶವನ್ನು ಶತ್ರು ಕೆಡಿಸಬಾರದೆಂಬುದು ಅವರ ಉದ್ದೇಶ. ಪಿಯಾನೊದ 88 ಮನೆಗಳಂತೆ 88 ಆವರ್ತನಗಳ ನಡುವೆ ಸಂದೇಶ ಜಿಗಿಯುವ ಯೋಜನೆ ಅದರಲ್ಲಿತ್ತು.

ಪರಿಚಯ ಎಂಬ ಶಾಸ್ತ್ರ

ಹೊಸ ಇಯರ್‌ಬಡ್ ತಂದ ದಿನ ನಾವು ಮಾಡುವ ‘ಪೇರಿಂಗ್’ ಎಂಬ ಶಾಸ್ತ್ರವಿದೆಯಲ್ಲ, ಒಪ್ಪಂದ ಆಗುವುದು ಅಲ್ಲೇ. ಹಳೆಯ ಹೆಡ್‌ಸೆಟ್‌ಗಳಲ್ಲಿ 0000 ಅಥವಾ 1234 ಎಂಬ ಸಂಖ್ಯೆ ಒತ್ತಬೇಕಿತ್ತು. 2007ರಲ್ಲಿ ಬಂದ ಬ್ಲೂಟೂತ್ 2.1 ಆವೃತ್ತಿಯಿಂದ ಈ ಕ್ರಮ ಬದಲಾಯಿತು. ಈಗ ಎರಡೂ ಯಂತ್ರಗಳು ಒಂದಷ್ಟು ಸಂಖ್ಯೆಗಳನ್ನು ಬಹಿರಂಗವಾಗಿಯೇ ವಿನಿಮಯ ಮಾಡಿಕೊಳ್ಳುತ್ತವೆ. ಬಳಿಕ ತಮ್ಮಲ್ಲಿ ಮಾತ್ರ ಇರುವ ಗುಟ್ಟಿನ ಸಂಖ್ಯೆಯನ್ನು ಅದಕ್ಕೆ ಸೇರಿಸಿ ಲೆಕ್ಕ ಹಾಕುತ್ತವೆ. ಎರಡೂ ಕಡೆ ಬರುವ ಉತ್ತರ ಒಂದೇ. ಆದರೆ ಆ ಉತ್ತರ ಗಾಳಿಯಲ್ಲಿ ಹೋಗಲೇ ಇಲ್ಲವಾದ್ದರಿಂದ ಕದ್ದು ಕೇಳುವವನಿಗೆ ಅದು ದಕ್ಕುವುದಿಲ್ಲ.

ಈ ಉತ್ತರದಿಂದ ಹುಟ್ಟುವ ಕೀಲಿಯ ಒಂದು ಪ್ರತಿಯನ್ನು ಫೋನೂ ಇನ್ನೊಂದನ್ನು ಇಯರ್‌ಬಡ್ಡೂ ಬರೆದಿಟ್ಟುಕೊಳ್ಳುತ್ತವೆ. ಮರುದಿನ ಡಬ್ಬಿ ತೆರೆದಾಗ ಮತ್ತೆ ಪರಿಚಯದ ಶಾಸ್ತ್ರ ಬೇಡ. ಇಬ್ಬರ ಬಳಿಯೂ ಅದೇ ಕೀಲಿ ಇದೆಯೇ ಎಂಬುದನ್ನು ಕ್ಷಣಮಾತ್ರದಲ್ಲಿ ಪರೀಕ್ಷಿಸಿ ಕೆಲಸ ಶುರುಮಾಡುತ್ತವೆ. ಇದರ ಜೊತೆಗೆ ಇಯರ್‌ಬಡ್ ಏನೇನು ಬಲ್ಲದು ಎಂಬ ಪಟ್ಟಿಯನ್ನೂ ಫೋನ್ ನೆನಪಿಟ್ಟುಕೊಳ್ಳುತ್ತದೆ. ಹಾಡಿಗೆ ಒಂದು ಪದ್ಧತಿ, ಕರೆಗೆ ಮತ್ತೊಂದು. ಹಾಡಿನ ಪದ್ಧತಿಯಲ್ಲಿ ಧ್ವನಿ ಒಂದೇ ದಿಕ್ಕಿಗೆ, ತುಂಬಿಕೊಂಡು ಬರುತ್ತದೆ. ಕರೆಯ ಪದ್ಧತಿಯಲ್ಲಿ ಮೈಕೂ ಕೆಲಸ ಮಾಡಬೇಕಾದ್ದರಿಂದ ಧ್ವನಿ ತೆಳುವಾಗುತ್ತದೆ. ಕಂಪ್ಯೂಟರಿನಲ್ಲಿ ಮೀಟಿಂಗ್ ಶುರುವಾದೊಡನೆ ಹಾಡು ಡಬ್ಬದೊಳಗಿಂದ ಬಂದಂತೆ ಕೇಳುವುದು ಇದೇ ಕಾರಣಕ್ಕೆ. ಅದು ದೋಷವಲ್ಲ.

ಅಪ್‌ಡೇಟ್ ಮಾಡುವ ಅವಾಂತರ

ಫೋನಿನ ಆಪರೇಟಿಂಗ್ ಸಿಸ್ಟಂ ಬದಲಾದಾಗ ಈ ಏರ್ಪಾಡು ಮೂರು ಬಗೆಯಲ್ಲಿ ಕೆಡಬಹುದು.

ಮೊದಲನೆಯದು ಮರೆವು. ಫೋನಿನಲ್ಲಿ ಕೀಲಿಯೋ ಹಳೆಯ ಪಟ್ಟಿಯೋ ಅಳಿಸಿರುತ್ತದೆ, ಇಲ್ಲವೇ ಹೊಸ ತಂತ್ರಾಂಶಕ್ಕೆ ಓದಲು ಬಾರದ ರೂಪದಲ್ಲಿ ಉಳಿದಿರುತ್ತದೆ. ಇಯರ್‌ಬಡ್ ತನ್ನ ಕೀಲಿಯನ್ನು ಹಿಡಿದು ನಿಂತರೂ ಫೋನ್ ಅದನ್ನು ಗುರುತಿಸದು.

ಎರಡನೆಯದು ಹೊಸ ತಂತ್ರಾಂಶದ ತಪ್ಪು. 2024ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿ ಇಂಥದ್ದೊಂದನ್ನು ಒಪ್ಪಿಕೊಂಡಿತು. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದ ಮೇಲೆ, ಡಿರಾಕ್ ಎಂಬ ಧ್ವನಿ ಸುಧಾರಣೆಯ ತಂತ್ರಾಂಶವಿದ್ದ ಕೆಲವು ಕಂಪ್ಯೂಟರುಗಳಲ್ಲಿ ಒಳಗಿನ ಸ್ಪೀಕರ್ ಸೇರಿದಂತೆ ಬ್ಲೂಟೂತ್ ಹೆಡ್‌ಸೆಟ್‌ಗಳೂ ಮೂಕವಾದವು. ಅಂಥ ಕಂಪ್ಯೂಟರುಗಳಿಗೆ ಆ ಆವೃತ್ತಿ ತಲುಪದಂತೆ ಕಂಪನಿಯೇ ತಡೆಹಾಕಿತು.

ಮೂರನೆಯದು ಬಹಳ ಮಂದಿಗೆ ತಿಳಿಯದ್ದು: ಬೇಕೆಂದೇ ಮಾಡಿದ ನಿರಾಕರಣೆ. ಬ್ಲೂಟೂತ್ ನಿಯಮಗಳ ಗ್ರಂಥದಲ್ಲಿ, ಕೀಲಿ ಹೇಗಿರುತ್ತದೆ ಎಂದು ತೋರಿಸಲು ಒಂದು ಮಾದರಿ ಕೀಲಿಯನ್ನು ಅಚ್ಚುಹಾಕಿದ್ದರು. ಅದನ್ನೇ ನಿಜವಾದ ಕೀಲಿಯಾಗಿ ಯಂತ್ರಕ್ಕೆ ಸೇರಿಸಿಬಿಟ್ಟರೆ, ಗ್ರಂಥ ಓದಿದ ಯಾರು ಬೇಕಾದರೂ ಒಳನುಗ್ಗಬಹುದು. ಬೀಗದ ಕ್ಯಾಟಲಾಗಿನ ಚಿತ್ರದಲ್ಲಿದ್ದ ಕೀಲಿಯನ್ನೇ ಮನೆಗೆ ಹಾಕಿಸಿಕೊಂಡಂತೆ. 2019ರ ಜೂನ್ 11ರಂದು ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಅಪ್‌ಡೇಟ್, ಇಂಥ ಎಲ್ಲರಿಗೂ ಗೊತ್ತಿರುವ ಕೀಲಿ ಬಳಸುವ ಸಾಧನಗಳ ಸಂಪರ್ಕವನ್ನು ಉದ್ದೇಶಪೂರ್ವಕವಾಗಿ ಕಡಿದುಹಾಕಿತು. ಅದೇ ವರ್ಷ ಮತ್ತೊಂದು ದೌರ್ಬಲ್ಯ ಬಯಲಾಯಿತು. ಎರಡು ಯಂತ್ರಗಳು ಮಾತು ಶುರುಮಾಡುವಾಗ ನಡುವೆ ತಲೆಹಾಕಿ, ಗೂಢಲಿಪಿಯ ಕೀಲಿಯ ಉದ್ದವನ್ನು ಒಂದೇ ಒಂದು ಬೈಟಿಗೆ ಇಳಿಸಿಬಿಡಬಹುದು ಎಂದು ಸಂಶೋಧಕರು ತೋರಿಸಿದರು. ಒಂದು ಬೈಟ್ ಎಂದರೆ 256 ಸಾಧ್ಯತೆ. ಕಂಪ್ಯೂಟರಿಗೆ ಅದು ಚಿಟಿಕೆ ಹೊಡೆಯುವಷ್ಟು ಹೊತ್ತಿನ ಕೆಲಸ. ಆಮೇಲೆ ಬ್ಲೂಟೂತ್ ಕೂಟ ಕನಿಷ್ಠ ಏಳು ಬೈಟಿನ ಉದ್ದವಿರಲಿ ಎಂದು ಶಿಫಾರಸು ಮಾಡಿತು. ಇಂಥ ಕಟ್ಟುನಿಟ್ಟು ಬಂದಾಗ ತೀರ ಹಳೆಯ ಸೆಟ್‌ಗಳು ಹೊರಗುಳಿಯಬಹುದು.

ಹಾಗಾದರೆ ಅಪ್‌ಡೇಟೇ ಬೇಡವೆಂದು ಕೂರಬಹುದೇ? ಕೂಡದು. 2020ರ ಫೆಬ್ರುವರಿಯಲ್ಲಿ ಆಂಡ್ರಾಯ್ಡ್ 8 ಮತ್ತು 9ರಲ್ಲಿ ಒಂದು ಬಿರುಕು ಪತ್ತೆಯಾಗಿತ್ತು. ಫೋನಿನೊಡೆಯ ಏನನ್ನೂ ಒತ್ತದಿದ್ದರೂ, ಹತ್ತಿರದಲ್ಲಿರುವ ಕಿಡಿಗೇಡಿ ಬ್ಲೂಟೂತ್ ಮೂಲಕವೇ ಒಳಹೊಕ್ಕು ಕೈಚಳಕ ತೋರಿಸಬಹುದಾಗಿತ್ತು. ಅದನ್ನು ಮುಚ್ಚಿದ್ದು ಅಪ್‌ಡೇಟೇ. ಫೋನಿನಲ್ಲೇ ಬ್ಯಾಂಕಿನ ವ್ಯವಹಾರ ಮಾಡುವ ಈ ದಿನಗಳಲ್ಲಿ ಹಾಡು ಒಂದು ದಿನ ನಿಂತರೂ ಬಾಗಿಲು ಭದ್ರವಾಗಿರುವುದು ಮೇಲು.

ಮಾಡಬೇಕಾದ್ದೇನು?

ಸುಲಭದ್ದರಿಂದ ಶುರುಮಾಡಿ ಕಷ್ಟದ್ದಕ್ಕೆ ಹೋಗುವುದು ಯಾವ ರಿಪೇರಿಗೂ ಒಳ್ಳೆಯ ಕ್ರಮ.

ಮೊದಲು ಇಯರ್‌ಬಡ್‌ಗಳನ್ನು ಪೂರ್ತಿ ಚಾರ್ಜ್ ಮಾಡಿ. ಫೋನನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿ. ಇಷ್ಟರಿಂದಲೇ ಸರಿಹೋಗುವ ಸಂದರ್ಭಗಳು ಕಡಿಮೆಯಲ್ಲ.

ಎರಡನೆಯದಾಗಿ, ಆ ಇಯರ್‌ಬಡ್ ಮನೆಯ ಇನ್ನೊಂದು ಫೋನಿಗೋ ಲ್ಯಾಪ್‌ಟಾಪಿಗೋ ಅಂಟಿಕೊಂಡಿದೆಯೇ ನೋಡಿ. ಅಂಟಿಕೊಂಡಿದ್ದರೆ ಅಲ್ಲಿ ಬ್ಲೂಟೂತ್ ಆರಿಸಿ.

ಮೂರನೆಯದಾಗಿ, ಬೇರೊಬ್ಬರ ಫೋನಿಗೆ ಜೋಡಿಸಿ ನೋಡಿ. ಅಲ್ಲಿ ಹಾಡಿದರೆ ಸೆಟ್ ಆರೋಗ್ಯವಾಗಿದೆ ಎಂದರ್ಥ. ಈ ಒಂದು ಪರೀಕ್ಷೆ ಸಾವಿರಾರು ರೂಪಾಯಿ ಉಳಿಸಬಲ್ಲದು.

ನಾಲ್ಕನೆಯದೇ ಮುಖ್ಯವಾದದ್ದು. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಆ ಇಯರ್‌ಬಡ್‌ನ ಹೆಸರಿನ ಮುಂದೆ ‘ಫರ್ಗೆಟ್’ ಅಥವಾ ‘ಅನ್‌ಪೇರ್’ ಎಂದಿರುತ್ತದೆ. ಅದನ್ನು ಒತ್ತಿ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಹಲವರು ಎಡವುವುದು ಇಲ್ಲೇ. ಫೋನ್ ಮರೆತರೂ ಇಯರ್‌ಬಡ್ ಹಳೆಯ ಕೀಲಿಯನ್ನು ಇಟ್ಟುಕೊಂಡೇ ಇರುತ್ತದೆ. ಅದೂ ಮರೆಯಬೇಕು. ಅದಕ್ಕೆ ಬಹುತೇಕ ಸೆಟ್‌ಗಳಲ್ಲಿ ಒಂದು ಗುಂಡಿಯನ್ನು ಕೆಲವು ಸೆಕೆಂಡು ಒತ್ತಿಹಿಡಿಯುವ ಕ್ರಮವಿರುತ್ತದೆ. ಡಬ್ಬಿಯೊಂದಿಗೆ ಬಂದ ಚೀಟಿಯಲ್ಲಿ ಅದನ್ನು ಬರೆದಿರುತ್ತಾರೆ. ಇಬ್ಬರೂ ಮರೆತ ಮೇಲೆ ಹೊಸಬರಂತೆ ಮತ್ತೆ ಪರಿಚಯ ಮಾಡಿಸಿ.

ಜೋಡಣೆಯಾಗಿಯೂ ಸದ್ದಿಲ್ಲದಿದ್ದರೆ ಐದನೆಯ ಕೆಲಸ. ಆಂಡ್ರಾಯ್ಡ್ ಫೋನಿನಲ್ಲಿ ಆ ಸಾಧನದ ಹೆಸರಿನ ಪಕ್ಕದ ಗುರುತು ಒತ್ತಿದರೆ ಕರೆ, ‘ಮೀಡಿಯಾ ಆಡಿಯೊ’ ಎಂಬ ಸ್ವಿಚ್‌ಗಳು ಕಾಣುತ್ತವೆ. ಮೀಡಿಯಾ ಆಡಿಯೊ ಆರಿದ್ದರೆ ಕರೆ ಕೇಳುತ್ತದೆ, ಹಾಡು ಕೇಳುವುದಿಲ್ಲ. ಕಂಪ್ಯೂಟರಿನಲ್ಲಾದರೆ ಧ್ವನಿ ಹೊರಡುವ ದಾರಿಯಾಗಿ ಹೆಡ್‌ಸೆಟ್ಟನ್ನೇ ಆರಿಸಿದೆಯೇ ನೋಡಬೇಕು.

ಆರನೆಯದಾಗಿ, ಇಯರ್‌ಬಡ್‌ನೊಳಗೂ ಒಂದು ಪುಟ್ಟ ತಂತ್ರಾಂಶವಿದೆ. ತಯಾರಕರ ಆ್ಯಪ್ ಇದ್ದರೆ ಅದರ ಮೂಲಕ ಅದನ್ನೂ ಹೊಸದು ಮಾಡಿ. ಒಬ್ಬರ ಭಾಷೆ ಬದಲಾಗಿ ಇನ್ನೊಬ್ಬರದು ಹಾಗೇ ಉಳಿದರೆ ಮಾತು ಸಾಗದು.

ಇಷ್ಟಾದರೂ ಫಲವಿಲ್ಲದಿದ್ದರೆ ಫೋನಿನ ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಮಾಡಬಹುದು. ಆದರೆ ಎಚ್ಚರ: ಉಳಿಸಿದ್ದ ವೈಫೈ ಪಾಸ್‌ವರ್ಡ್‌ಗಳೂ ಇತರ ಬ್ಲೂಟೂತ್ ಜೋಡಣೆಗಳೂ ಅಳಿಸಿಹೋಗಬಹುದು. ಇಡೀ ಫೋನನ್ನೇ ಅಳಿಸುವ ಫ್ಯಾಕ್ಟರಿ ರೀಸೆಟ್ಟಿಗೆ ಆತುರಪಡಬೇಡಿ. ದೋಷ ಹೊಸ ತಂತ್ರಾಂಶದಲ್ಲೇ ಇದ್ದರೆ ಅದರಿಂದ ಚಿತ್ರಗಳು ಹೋಗುತ್ತವೆಯೇ ಹೊರತು ಹಾಡು ಬರುವುದಿಲ್ಲ. ಮುಂದಿನ ಅಪ್‌ಡೇಟ್‌ವರೆಗೆ ಕಾಯುವುದೇ ದಾರಿ. ಇನ್ನೊಂದು ಮಾತು: ಫೋನ್ ಮಾಡಿ ‘ನಾವೇ ದೂರದಿಂದ ಸರಿಮಾಡುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ, ಒಟಿಪಿ ಹೇಳಿ’ ಎನ್ನುವವರನ್ನು ನಂಬಬೇಡಿ. ಬ್ಲೂಟೂತ್ ರಿಪೇರಿಗೆ ಒಟಿಪಿ ಬೇಕಾಗಿಲ್ಲ.

ಹಾಡಷ್ಟೇ ಅಲ್ಲ

ಮಗ್ಗದ ಸದ್ದಿನ ನಡುವೆ ಹಾಡು ಕೇಳುವ ನೇಕಾರನಿಗೆ ಒಂದು ದಿನ ಹಾಡಿಲ್ಲದಿದ್ದರೆ ಬೇಸರ ಮಾತ್ರ. ಆದರೆ ಶ್ರವಣ ಸಾಧನ ಧರಿಸುವವರ ಮಾತು ಬೇರೆ. ಇತ್ತೀಚಿನ ಹಲವು ಶ್ರವಣ ಸಾಧನಗಳು ಬ್ಲೂಟೂತ್ ಮೂಲಕ ಫೋನ್ ಕರೆಯನ್ನು ನೇರವಾಗಿ ಕಿವಿಗೆ ತರುತ್ತವೆ. ಅಪ್‌ಡೇಟ್ ಆದ ಮರುದಿನ ಈ ಸಂಪರ್ಕ ಕಡಿದರೆ, ಒಂಟಿಯಾಗಿರುವ ಹಿರಿಯರೊಬ್ಬರಿಗೆ ದೂರದ ಮಗಳ ಕರೆಯೇ ಕೇಳದೆ ಹೋಗಬಹುದು. ಎದುರಿಗಿರುವವರ ಮಾತನ್ನು ದೊಡ್ಡದು ಮಾಡಿ ಕೇಳಿಸುವ ಮೂಲ ಕೆಲಸಕ್ಕೆ ಫೋನಿನ ಸಹಾಯ ಬೇಡ. ಅದು ನಡೆಯುತ್ತಿರುವವರೆಗೂ ಸಾಧನ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ.

ಇಂಥವರು ದೊಡ್ಡ ಅಪ್‌ಡೇಟ್ ಒಪ್ಪಿಕೊಳ್ಳುವ ಮೊದಲು, ತಮ್ಮ ಸಾಧನಕ್ಕೆ ಅದು ಹೊಂದುತ್ತದೆಯೇ ಎಂದು ತಯಾರಕರನ್ನೋ ಶ್ರವಣತಜ್ಞರನ್ನೋ ಕೇಳುವುದು ಒಳ್ಳೆಯದು. ಅವರವರ ಕಿವಿಗೆ ತಕ್ಕಂತೆ ಹೊಂದಿಸಿದ ಸಾಧನವನ್ನು ಮನೆಯಲ್ಲೇ ರೀಸೆಟ್ ಮಾಡಲು ಹೋಗಬಾರದು. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತರಬೇತಾದ ತಜ್ಞರ ಕೆಲಸವದು.

ದಾಬಸ್‌ಪೇಟೆಯ ದಾರಿ

ಫೋನಿನ ಆರಂಭವನ್ನೂ ಅಂತ್ಯವನ್ನೂ ಬೆಂಗಳೂರು ಗ್ರಾಮಾಂತರ ಜಿಲ್ಲೆಯೊಳಗೇ ನೋಡಬಹುದು. ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್ ಘಟಕದಲ್ಲಿ 2025ರಲ್ಲಿ ಐಫೋನ್ ತಯಾರಿಕೆ ಶುರುವಾಯಿತು. ಇಯರ್‌ಫೋನಿನ ವೈರು ಸಿಕ್ಕಿಸುವ ತೂತನ್ನು ತನ್ನ ಫೋನಿನಿಂದ 2016ರಲ್ಲೇ ತೆಗೆದುಹಾಕಿದ ಕಂಪನಿಯ ಫೋನ್ ಅದು. ಬೇರೆ ಹಲವು ಕಂಪನಿಗಳೂ ಅದೇ ಹಾದಿ ಹಿಡಿದವು. ಇತ್ತ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶದಲ್ಲಿ 2005ರಲ್ಲಿ ಆರಂಭವಾದ ‘ಇ-ಪರಿಸರ’, ಕೆಟ್ಟ ಎಲೆಕ್ಟ್ರಾನಿಕ್ ವಸ್ತುಗಳನ್ನು ಕ್ರಮಬದ್ಧವಾಗಿ ಬಿಡಿಸುವ ದೇಶದ ಮೊದಲ ಘಟಕಗಳಲ್ಲೊಂದು.

ಕೆಟ್ಟ ಸೆಟ್‌ಗಳು ಅಂಥ ಘಟಕಕ್ಕೆ ಹೋಗಬೇಕಾದ್ದು ಸರಿಯೇ. ಇಯರ್‌ಬಡ್‌ನೊಳಗಿನ ಲಿಥಿಯಂ ಬ್ಯಾಟರಿಯನ್ನು ಮನೆಯ ಕಸಕ್ಕೆ ಎಸೆಯಬಾರದು. ಜಜ್ಜಿದರೆ ಅದು ಬೆಂಕಿ ಹಿಡಿಯುತ್ತದೆ. ಆದರೆ ಒಂದು ಗುರುತು ಮರೆತುಹೋಯಿತೆಂಬ ಕಾರಣಕ್ಕೆ ಚೆನ್ನಾಗಿರುವ ಸೆಟ್ಟೂ ಅದೇ ದಾರಿ ಹಿಡಿದರೆ ಅದು ಶುದ್ಧ ನಷ್ಟ. ವೈರಿನ ಇಯರ್‌ಫೋನ್ ಮೂಕವಾದರೆ ವೈರು ತುಂಡಾಗಿದೆಯೇ ಎಂದು ಕೈಯಿಂದ ತಡವಿ ನೋಡುತ್ತಿದ್ದೆವು. ವೈರಿಲ್ಲದ್ದರಲ್ಲೂ ತಡವಿ ನೋಡಬೇಕಾದ ಜಾಗವೊಂದಿದೆ. ಅದು ಫೋನ್ ಮತ್ತು ಇಯರ್‌ಬಡ್‌ಗಳ ನೆನಪಿನಲ್ಲಿದೆ. ಮುಂದಿನ ಸಲ ಫೋನ್ ಹೊಸದಾಗಿ ಕಿವಿಯ ಯಂತ್ರ ಮೂಕವಾದಾಗ ಅಂಗಡಿಗೆ ಹೋಗುವ ಮೊದಲು ಹತ್ತು ನಿಮಿಷ ಬಿಡುವು ಮಾಡಿಕೊಂಡು, ಇಬ್ಬರಿಗೂ ಮತ್ತೊಮ್ಮೆ ಪರಿಚಯ ಮಾಡಿಸಿ.